ಮಧ್ಯಾಹ್ನ ಮಾತ್ರ ಸರಿಯಿದ್ದ ಯುಪಿಎಸ್

ಶಿವಾಜಿನಗರದ ಶೌಕತ್‌ನ ಅಂಗಡಿಯಿಂದ ಆ ಹಳೆಯ ಯುಪಿಎಸ್ ಆಟೋದಲ್ಲಿ ಬಂದಿಳಿದ ದಿನ, ಜೋಗುಪಾಳ್ಯದ ಆ ಮನೆಯಲ್ಲಿ ಅದು ಬೇಕಾಗಿದ್ದದ್ದು ಮುನಿರಾಜಪ್ಪನವರೊಬ್ಬರಿಗೇ. ಹೆಂಡತಿ ದೊಡ್ಡಮುನಿಯಮ್ಮನಿಗೆ ಬೇಡ, ಮಗ ನರೇಶನಿಗೆ ಬೇಡ, ಸೊಸೆ ಮೋನಿಷಾಳಿಗಂತೂ ಬೇಡವೇ ಬೇಡ. ಆದರೆ ಮೂರು ಬೇಡಗಳು ಸೇರಿ ಮುನಿರಾಜಪ್ಪನವರ ಒಂದು ಬೇಕನ್ನು ಗೆದ್ದ ಉದಾಹರಣೆ ಆ ಮನೆಯಲ್ಲಿರಲಿಲ್ಲ.

"ಹೊಸದು ತಗೊಳ್ಳೋಣ ಅಪ್ಪ, ವಾರಂಟಿ ಬರುತ್ತೆ," ಅಂದಿದ್ದ ನರೇಶ.

"ಹೊಸದ್ರಲ್ಲಿ ಏನಿದೆ? ತಗಡು. ಹಳೇದ್ರಲ್ಲಿ ಟ್ರಾನ್ಸ್‌ಫಾರ್ಮರ್ ತಾಮ್ರದ್ದು. ಎತ್ತಿ ನೋಡು, ತೂಕಾನೇ ಹೇಳುತ್ತೆ."

ಎತ್ತಿ ನೋಡಿದವಳು ಮೋನಿಷಾ. ತೂಕ ಹೇಳಿತು. ಎರಡು ದಿನ ಸೊಂಟ ನೋಯಿತು.

ಮುನಿರಾಜಪ್ಪನವರು ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಈ ಮನೆಯ ಒಂದೊಂದು ವೈರನ್ನೂ ರಜಾದಿನಗಳಲ್ಲಿ ತಾವೇ ಕೂತು ಎಳೆದವರು. ಹೋದ ವರ್ಷ ನ್ಯುಮೋನಿಯಾ ಬಂದು, ಪ್ರಾಣ ಉಳಿದು, ಶ್ವಾಸಕೋಶ ಮಾತ್ರ ಅರ್ಧ ಗಟ್ಟಿಯಾಗಿಹೋಯಿತು. ಅಂದಿನಿಂದ ಹಾಲ್‌ನಲ್ಲಿ ಬುದ್ಧನ ಫೋಟೋದ ಕೆಳಗೆ ಆಕ್ಸಿಜನ್ ಮಿಷನ್ನು ಗುಡುಗುಡು ಅನ್ನುತ್ತ ಕೂತಿದೆ. ಅದರಿಂದ ಹೊರಟ ಕೊಳವೆ ಮುನಿರಾಜಪ್ಪನವರ ಮೂಗಿಗೆ. ಕೊಳವೆ ಬಚ್ಚಲುಮನೆಯವರೆಗೆ ಬರುತ್ತದೆ, ಬೀದಿಬಾಗಿಲ ಹೊಸ್ತಿಲವರೆಗೆ ಬರುತ್ತದೆ, ಅದರಾಚೆ ಬರುವುದಿಲ್ಲ.

ಬೀದಿ ಅಗೆದು ಕೇಬಲ್ ಹೂಳುವ ಕೆಲಸ ಶುರುವಾದ ಮೇಲೆ ಹೊತ್ತಿಲ್ಲದ ಹೊತ್ತಿನಲ್ಲಿ ಕರೆಂಟು ಹೋಗತೊಡಗಿತು. ಹೋದಾಗಲೆಲ್ಲ ಮಂಚದ ಕೆಳಗಿನ ಸಣ್ಣ ಸಿಲಿಂಡರ್ ಎಳೆದು ಕೊಳವೆ ಜೋಡಿಸಬೇಕು. ಅದು ಬರುವುದು ಒಂದೂವರೆ ಗಂಟೆ. ಖಾಲಿಯಾದರೆ ನರೇಶ ಸ್ಕೂಟರಿನ ಮುಂದಿಟ್ಟುಕೊಂಡು ಹೋಗಿ ತುಂಬಿಸಿ ತರಬೇಕು. ಅವನು ಇಂದಿರಾನಗರದ ನೂರಡಿ ರಸ್ತೆಯ ರೆಸ್ಟೋರೆಂಟೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವನು. ಹೋಟೆಲು ಮುಚ್ಚಿದ ಮೇಲೆ ಮನೆಗೆ ಬಂದು ಬೆಳಿಗ್ಗೆ ಹತ್ತರವರೆಗೆ ಮಲಗುವವನು. ಹೀಗಾಗಿ ಬೆಳಿಗ್ಗೆ ಕರೆಂಟು ಹೋದರೆ ಓಡುವವಳು ಮೋನಿಷಾ. ಮಗಳು ಸುಜಾತಾಳನ್ನು ಸ್ಕೂಲಿಗೆ ಹೊರಡಿಸಿ, ಅಡುಗೆ ಮುಗಿಸಿ, ಹತ್ತಕ್ಕೆ ಹಲಸೂರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮುಂದಿನ ಟೇಬಲ್ಲಿಗೆ ಕೂರಬೇಕಾದವಳೂ ಅವಳೇ.

ಭಾನುವಾರ ಯುಪಿಎಸ್ ಕೂರಿಸಿದ್ದಾಯಿತು. ಮುನಿರಾಜಪ್ಪ ಕುರ್ಚಿಯಲ್ಲಿ, ಮೋನಿಷಾ ನೆಲದಲ್ಲಿ.

"ಮೆಟ್ಟಿಲ ಕೆಳಗೆ ಹಳೇ ಇನ್ವರ್ಟರ್ ಪಾಯಿಂಟ್ ಇದೆ. ಲೈನ್ ರೆಡಿ ಇದೆ. ಹಾಲು, ರೂಮು, ಅಡುಗೆಮನೆ, ಅಷ್ಟೇ. ಅದಕ್ಕೆ ಕೊಡು. ಅದಲ್ಲ. ಅದಲ್ಲಮ್ಮ, ಪಕ್ಕದ್ದು. ಸ್ಕ್ರೂಡ್ರೈವರ್‌ನ ಸೌಟು ಹಿಡಿದ ಹಂಗೆ ಹಿಡೀಬೇಡ."

"ಸೌಟು ಹಿಡಿದೇ ಅಭ್ಯಾಸ ಮಾವ."

ಮಂಗಳವಾರ ಬೆಳಿಗ್ಗೆ ಆರೂಮುಕ್ಕಾಲಕ್ಕೆ ಕರೆಂಟು ಹೋಯಿತು. ಯುಪಿಎಸ್ ಟಕ್ಕೆಂದು ಹಿಡಿದುಕೊಂಡಿತು. ಮಿಷನ್ನು ನಿಲ್ಲಲಿಲ್ಲ.

"ನೋಡಿದ್ರಾ," ಅಂದರು ಮುನಿರಾಜಪ್ಪ. ಅವರು ಬಾಯಿ ಮುಚ್ಚುವ ಮೊದಲೇ ಮೆಟ್ಟಿಲ ಕೆಳಗಿನಿಂದ ಪೀಪ್ ಪೀಪ್ ಶುರುವಾಯಿತು. ಎರಡು ನಿಮಿಷ ಹಾಗೆ ಕೂಗಿಕೊಂಡು, ಒಂದು ಕೆಂಪು ದೀಪ ಹತ್ತಿಸಿ, ಯುಪಿಎಸ್ ಮಲಗಿಬಿಟ್ಟಿತು. ಮೋನಿಷಾ ಕಾವಲಿಯ ಮೇಲಿನ ದೋಸೆ ಬಿಟ್ಟು ಓಡಿ ಸಿಲಿಂಡರ್ ಎಳೆದಳು. ದೋಸೆ ಸೀದುಹೋಯಿತು.

"ಓವರ್‌ಲೋಡ್ ಅಂತ ತೋರಿಸ್ತಿದೆ ಮಾವ."

"ಓವರ್‌ಲೋಡ್ ಎಲ್ಲಿಂದ ಬರುತ್ತೆ? ಮಿಷನ್ನು ಮುನ್ನೂರೈವತ್ತು ವ್ಯಾಟು. ಎರಡು ಫ್ಯಾನು, ಮೂರು ಲೈಟು. ಬ್ಯಾಟರೀಲಿ ಜೀವ ಇಲ್ದೇ ಇದ್ರೆ ಅದು ಹಿಂಗೇ ಸುಳ್ಳು ಹೇಳುತ್ತೆ. ಸಂಜೆ ಬಂದು ಮೀಟರ್ ಇಟ್ಟು ನೋಡು."

ಸಂಜೆ ಮೀಟರ್ ಇಟ್ಟಳು. ವೋಲ್ಟೇಜು ಸರಿಯಾಗಿಯೇ ಇತ್ತು. ಆದರೆ ಬ್ಯಾಟರಿಯ ತಲೆಗಳ ಮೇಲೆ ಹಸಿರುಬಿಳಿ ಬೂಷ್ಟು ಕಟ್ಟಿತ್ತು. "ಅಲ್ಲೇ ಇದೆ ರೋಗ," ಅಂದರು ಮುನಿರಾಜಪ್ಪ. ಮೋನಿಷಾ ಬಿಸಿನೀರು, ಅಡುಗೆ ಸೋಡ, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಒಂದು ಗಂಟೆ ತಿಕ್ಕಿದಳು. ವ್ಯಾಸಲೀನ್ ಸವರಿದಳು. ಆರೂ ಬಾಯಿಗೆ ಬ್ಯಾಟರಿ ನೀರು ತುಂಬಿದಳು. ಮುಂದಿನ ಭಾನುವಾರ ಮಧ್ಯಾಹ್ನ ಮೇನ್ ಸ್ವಿಚ್ ಕೆಳಗಿಳಿಸಿ ನೋಡಿದರು. ಒಂದು ಗಂಟೆ ಹತ್ತು ನಿಮಿಷ ಮಿಷನ್ನು ಒಂದೇ ಸಮ ಓಡಿತು. ಪೀಪ್ ಎಂಬ ಸದ್ದಿಲ್ಲ. ಹುರುಳಿಕಾಳು ಸಾರಿನಲ್ಲಿ ಮುದ್ದೆ ಮುರಿಯುತ್ತ ಮುನಿರಾಜಪ್ಪ, "ಮೂವತ್ತನಾಲ್ಕು ವರ್ಷ ಸುಮ್ನೆ ಮಾಡಿದ್ವಾ," ಅಂದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಕರೆಂಟು ಹೋದಾಗ ಅದು ಮತ್ತೆ ಪೀಪ್ ಅಂದು ಮಲಗಿತು.

"ಗುಜರಿ ತಂದು ಮನೇಲಿಕ್ಕಂಡ್ರೆ ಅದು ಗುಜರಿ ಬುದ್ಧೀನೇ ತೋರ್ಸೋದು," ಅಂದಳು ದೊಡ್ಡಮುನಿಯಮ್ಮ, ಸೊಪ್ಪು ಬಿಡಿಸುತ್ತ. "ನಾನು ಅವತ್ತೇ ಏಳ್ದೆ. ನನ್ನ ಮಾತು ಈ ಮನೇಲಿ ಯಾವತ್ತು ಯಾರು ಕೇಳವ್ರೆ."

"ನೀನು ಹೇಳಿದ್ದು ಬಣ್ಣ ಚೆನ್ನಾಗಿಲ್ಲ ಅಂತ."

"ಬಣ್ಣಾನೂ ಚೆನ್ನಾಗಿಲ್ಲ."

ಶೌಕತ್‌ಗೆ ಫೋನು ಹೋಯಿತು. ಅವನು ಬರುವುದಿದ್ದರೆ ಅಂಗಡಿಯ ಗಲಾಟೆ ತಗ್ಗಿದ ಮೇಲೆ, ಮಧ್ಯಾಹ್ನ ಒಂದೂವರೆಗೆ. ನರೇಶ ಆ ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಾನೆ. ಮೋನಿಷಾ ಅರ್ಧ ದಿನ ರಜೆ ಹಾಕಿದಳು. ಶೌಕತ್ ದಪ್ಪ ಕನ್ನಡಕದ, ಮೆಲುಮಾತಿನ ಮನುಷ್ಯ. ಬಂದವನು ಯುಪಿಎಸ್‌ಗೆ ಕಿವಿಯಿಟ್ಟು, ಮೇನ್ ಆಫ್ ಮಾಡಿಸಿ, ಸ್ಟೂಲಿನ ಮೇಲೆ ಕೂತು ಟೀ ಕುಡಿದ. ನಲವತ್ತು ನಿಮಿಷ ಮಿಷನ್ನು ಮಗುವಿನ ಹಾಗೆ ಓಡಿತು.

"ಚೀಜ್ ಠೀಕ್ ಐತೆ ಅಪ್ಪಾಜಿ. ಏನೂ ಆಗಿಲ್ಲ ಅದಕ್ಕೆ."

"ಬೆಳಿಗ್ಗೆ ಕೈಕೊಡುತ್ತೆ ಕಣ್ರೀ," ಅಂದಳು ಮೋನಿಷಾ.

"ಮಿಷನ್‌ಗೆ ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಬೆಹನ್‌ಜೀ. ಅದಕ್ಕೇನು ಗಡಿಯಾರ ಇದ್ಯಾ?"

ಎರಡು ದಿನ ಬಿಟ್ಟು ಬೆಳಿಗ್ಗೆ ಅದು ಮತ್ತೆ ಮಲಗಿದಾಗ, ಶೌಕತ್ ಬೇರೆ ಬ್ಯಾಟರಿ ತಂದು ಹಾಕಿದ. ಮಧ್ಯಾಹ್ನ. ಮತ್ತೊಂದು ಅರ್ಧ ದಿನ ರಜೆ. ಹೊಸ ಬ್ಯಾಟರಿಯಲ್ಲಿ ಯುಪಿಎಸ್ ಅವನ ಮುಂದೆ ಚೆನ್ನಾಗಿ ಓಡಿತು, ಮಾರನೆಯ ಬೆಳಿಗ್ಗೆ ಮೋನಿಷಾಳ ಮುಂದೆ ಎರಡು ನಿಮಿಷ ಓಡಿತು. ಮೂರನೆಯ ಸಲ ಅವನು ಭಾನುವಾರ ಬಂದು ಪೆಟ್ಟಿಗೆಯನ್ನೇ ಹೊತ್ತುಕೊಂಡು ಅಂಗಡಿಗೆ ಹೋದ. ಎರಡು ದಿನ ಇಟ್ಟುಕೊಂಡು, ಇಸ್ತ್ರಿಪೆಟ್ಟಿಗೆ ಜೋಡಿಸಿ ಆರು ಗಂಟೆ ಓಡಿಸಿ ನೋಡಿ, ವಾಪಸ್ ತಂದ.

ಲ್ಯಾಬಿನ ಮೇಲ್ವಿಚಾರಕಿ ಉಮ್ಮೆ ಕುಲ್ಸುಂ ರಜೆಯ ಪುಸ್ತಕ ತಿರುಗಿಸಿ ಕೇಳಿದಳು. "ಮೋನಿಷಾ, ಇದು ಮೂರನೇ ಹಾಫ್ ಡೇ. ನಿಮ್ಮ ಯುಪಿಎಸ್‌ಗೆ ಹುಷಾರಿಲ್ಲ ಅಂತ ಎಷ್ಟು ಸಲ ಬರೀಲಿ?"

ಅವತ್ತು ಶೌಕತ್ ವಾಪಸ್ ತಂದ ಯುಪಿಎಸ್ ಜೋಡಿಸಿ ಎದ್ದವನು, ಬಾಗಿಲ ಬಳಿ ನಿಂತು ತಲೆ ಕೆರೆದುಕೊಂಡ.

"ಅಪ್ಪಾಜಿ, ಬುರಾ ಮತ್ ಮಾನೋ, ಬೇಜಾರ್ ಮಾಡ್ಕೋಬೇಡಿ. ಪೆಟ್ಟಿಗೆ ಕ್ಲೀನ್ ಇದೆ. ಬ್ಯಾಟರಿ ಕ್ಲೀನ್ ಇದೆ. ಒಂದು ಸಲ ಮನೆ ವೈರಿಂಗ್ ಚೆಕ್ ಮಾಡಿಸ್ಬಿಡಿ. ಲೈನ್ ಬೇರೆ ಎಲ್ಲಾದ್ರೂ ಹೋಗಿದ್ರೆ..."

ಮುನಿರಾಜಪ್ಪ ಮೂಗಿನ ಕೊಳವೆ ಸರಿಮಾಡಿಕೊಂಡರು. "ಈ ಮನೆ ವೈರಿಂಗ್ ಯಾರದು ಗೊತ್ತಾ?"

"ಗೊತ್ತಿಲ್ಲ ಅಪ್ಪಾಜಿ."

"ನಂದು. ಗೋಡೆ ಒಳಗೆ ಯಾವ ವೈರು ಎಲ್ಲಿ ಮಲಗಿದೆ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ. ನೀನು ನಿನ್ನ ಪೆಟ್ಟಿಗೆ ನೋಡ್ಕೋ."

ಶೌಕತ್ ಮೋನಿಷಾಳ ಕಡೆ ಒಮ್ಮೆ ನೋಡಿ, ಸಲಾಮು ಹೇಳಿ ಹೋದ. ಆಮೇಲೆ ಫೋನು ಎತ್ತುವುದು ನಿಲ್ಲಿಸಿದ.

ಆ ವಾರವೆಲ್ಲ ಮನೆಯಲ್ಲಿ ಅದೇ ಜಗಳ. ನರೇಶ ಎದ್ದವನೇ ಹಲ್ಲುಜ್ಜುತ್ತ ಶುರುಮಾಡುತ್ತಿದ್ದ.

"ಅಪ್ಪ, ಅದನ್ನ ಎಸೆದು ಹೊಸದು ತರ್ತೀನಿ. ಕಂತಲ್ಲಿ ಕೊಡ್ತಾರೆ."

"ಉಸಿರು ನಂದು. ಯುಪಿಎಸ್ ನಂದು."

"ಸಿಲಿಂಡರ್ ತುಂಬಿಸ್ಕೊಂಡು ಬರೋನು ನಾನಲ್ವಾ?"

"ಅದನ್ನಾದ್ರೂ ಹೇಳಿದ ಟೈಮಿಗೆ ತಂದಿದ್ಯಾ?"

"ಇಬ್ರೂ ನಿಲ್ಸಿ," ಅಂದಳು ಮೋನಿಷಾ ಡಬ್ಬಿಗೆ ಚಿತ್ರಾನ್ನ ತುಂಬುತ್ತ. "ಹೊಸದು ತಂದ್ರೂ ನಾನೇ ಎತ್ತಬೇಕು, ಹಳೇದು ಇಟ್ರೂ ನಾನೇ ತಿಕ್ಕಬೇಕು. ಮಾವ, ನೀವೇ ಹೇಳಿ, ಮಧ್ಯಾಹ್ನ ಸರಿ ಇರೋದು ಬೆಳಿಗ್ಗೆ ಯಾಕೆ ಕೆಡುತ್ತೆ?"

"ಬೆಳಿಗ್ಗೆ ವೋಲ್ಟೇಜ್ ಕಮ್ಮಿ ಬರುತ್ತೆ. ರಾತ್ರಿಯೆಲ್ಲ ಬ್ಯಾಟರಿ ಸರಿಯಾಗಿ ಕುಡಿಯಲ್ಲ."

"ನೆನ್ನೆ ನನ್ನ ಕೈಲೇ ಹೈಡ್ರೋಮೀಟರ್ ಹಾಕ್ಸಿ ಚಾರ್ಜ್ ನೋಡ್ಸಿದ್ರಲ್ಲ. ಆರು ಬಾಯೂ ಫುಲ್ ಇತ್ತು."

ಮುನಿರಾಜಪ್ಪ ಟಿವಿಯ ಸದ್ದು ಜಾಸ್ತಿ ಮಾಡಿದರು.

ಶುಕ್ರವಾರ ಬೆಳಿಗ್ಗೆ ಕರೆಂಟು ಹೋಗಿ ಸಿಲಿಂಡರ್ ಪೂರ್ತಿ ಖಾಲಿಯಾಯಿತು. ನರೇಶ "ಕೆಲಸಕ್ಕೆ ಹೋಗ್ತಾ ಕೊಟ್ಟು, ಬರ್ತಾ ತರ್ತೀನಿ" ಅಂದ. ಹೋಗುವಾಗ ಕೊಟ್ಟ. ಅವನು ಬರುವ ಹೊತ್ತಿಗೆ ಆಕ್ಸಿಜನ್ ತುಂಬುವ ಡಿಪೋ ತೆರೆದಿರುತ್ತದೆಯೇ ಎಂದು ಅವನೂ ಯೋಚಿಸಲಿಲ್ಲ, ಯಾರೂ ಯೋಚಿಸಲಿಲ್ಲ.

ಶನಿವಾರ ಬೆಳಿಗ್ಗೆ ಆರೂಮುಕ್ಕಾಲು. ಮೋನಿಷಾ ಸುಜಾತಾಳ ಜಡೆ ಹೆಣೆಯುತ್ತಿದ್ದಳು. ಕರೆಂಟು ಹೋಯಿತು. ಯುಪಿಎಸ್ ಟಕ್ಕೆಂದಿತು. ಪೀಪ್ ಶುರುವಾಯಿತು. ಅವಳು ಜಡೆ ಬಿಟ್ಟು ಮಂಚದ ಕೆಳಗೆ ಕೈ ಹಾಕಿದಳು. ಅಲ್ಲಿ ಸಿಲಿಂಡರ್ ಇರಲಿಲ್ಲ.

"ರೀ, ಸಿಲಿಂಡರ್ ಎಲ್ಲಿ?"

ನರೇಶ ಹಾಸಿಗೆಯಲ್ಲಿ ಎದ್ದು ಕೂತ. ಅವನ ಮುಖ ನೋಡಿದರೆ ಸಾಕಾಗಿತ್ತು. "ಡಿಪೋ... ಮುಚ್ಚಿತ್ತು," ಅಂದ.

ಇನ್ನೆರಡು ನಿಮಿಷಕ್ಕೆ ಮಿಷನ್ನು ನಿಲ್ಲುತ್ತದೆ. ಕರೆಂಟು ಹೋದರೆ ಬರಲು ಒಂದು ಗಂಟೆಯಾಗಬಹುದು, ಮೂರೂ ಆಗಬಹುದು. ದೊಡ್ಡಮುನಿಯಮ್ಮ ಗಂಡನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಸಿಕ್ಕಿಸಿ ನೋಡತೊಡಗಿದಳು.

"ಆಟೋ ಕರೀರಿ. ಆಸ್ಪತ್ರೆಗೆ ಹೋಗೋಣ," ಅಂದಳು ಮೋನಿಷಾ ಗಂಡನಿಗೆ. "ಕುರ್ಚಿ ಸಮೇತ ಎತ್ತಬೇಕು. ಮೇಲಿನ ಪೀರಪ್ಪನ್ನ ಕರ್ಕೊಂಬರ್ತೀನಿ." ಹೊರಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮಾಳಿಗೆಗೆ ಓಡಿದಳು.

ಮಾಳಿಗೆಯ ಮೇಲೆ ಒಂದೇ ಒಂದು ರೂಮು. ನಾಲ್ಕು ತಿಂಗಳಿಂದ ಅಲ್ಲಿ ಬಾಡಿಗೆಗಿರುವವರು ಯಾದಗಿರಿ ಕಡೆಯ ಪೀರಪ್ಪ, ಹೆಂಡತಿ ಮಾನಮ್ಮ, ಎಂಟು ತಿಂಗಳ ಒಂದು ಕೂಸು. ಪೀರಪ್ಪ ಕೆ.ಆರ್. ಪುರದ ಕಡೆ ಕಟ್ಟಡಗಳಲ್ಲಿ ಟೈಲ್ಸ್ ಹಾಕುವವನು. ಬಾಗಿಲು ತೆರೆದೇ ಇತ್ತು. ಮಾನಮ್ಮ ಕೂಸಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಮೋನಿಷಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಬೀದಿಗೆ ಬೀದಿಯೇ ಸದ್ದಡಗಿತ್ತು. ಎದುರುಮನೆಯ ಮಿಕ್ಸಿ ಅರ್ಧಕ್ಕೆ ನಿಂತಿತ್ತು. ಆ ರೂಮಿನಲ್ಲಿ ಮಾತ್ರ ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಮೂಲೆಯ ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್ ಗುಳುಗುಳು ಅನ್ನುತ್ತಿತ್ತು.

"ಕರೆಂಟ್ ಇದ್ಯಾ ನಿಮ್ಗೆ?"

"ಐತಲ್ರೀ ಅಕ್ಕಾರ," ಅಂದಳು ಮಾನಮ್ಮ. "ಮುಂಜಾನಿ ಎಲ್ಲಾರಿಗೂ ಹೋದ್ರೂ ನಮಗೊಂದೆರಡು ನಿಮಿಷ ಇದ್ದು ಹೋಗ್ತೈತ್ರಿ. ಈ ಊರ ಲೈನೇ ಹಂಗ ಅಂತ ತಿಳ್ಕೊಂಡಿದ್ವಿ."

ಮೋನಿಷಾ ಒಳಗೆ ನುಗ್ಗಿ ಕಾಯಿಲ್‌ನ ಪ್ಲಗ್ಗು ಕಿತ್ತಳು. ಕೆಳಗಿನಿಂದ ಬರುತ್ತಿದ್ದ ಪೀಪ್ ಸದ್ದು ನಿಂತಿತು. ಮೆಟ್ಟಿಲ ತುದಿಗೆ ಓಡಿ ಬಗ್ಗಿ ಕೂಗಿದಳು. "ಅತ್ತೆ, ಮಿಷನ್ ನಿಂತುಹೋಯ್ತಾ?"

"ಇಲ್ಲ ಕಣೇ. ಓಡ್ತಾ ಐತೆ. ಕೂಗೋದು ನಿಂತದೆ."

ಮೋನಿಷಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮೂರು ವಾರದ ಬೂಷ್ಟು, ಬ್ರಷ್ಷು, ವ್ಯಾಸಲೀನು, ಮೂರು ಅರ್ಧ ದಿನದ ರಜೆ, ಎಲ್ಲ ಒಟ್ಟಿಗೆ ತಲೆಗೇರಿತು. ಮಾನಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು, ಕಾಯದ ಬಕೆಟ್ಟನ್ನೂ ಅವಳನ್ನೂ ಸರದಿಯಲ್ಲಿ ನೋಡುತ್ತ ನಿಂತಳು.

ಎಂಟೂವರೆಗೆ ಕರೆಂಟು ಬರುವವರೆಗೂ ಯುಪಿಎಸ್ ಒಂದು ಸಲವೂ ಪೀಪ್ ಅನ್ನಲಿಲ್ಲ.

ಉಪ್ಪಿಟ್ಟಿನ ತಟ್ಟೆ ಮಾವನ ಕೈಗೆ ಕೊಟ್ಟು ಮೋನಿಷಾ ಹೇಳಿದಳು. "ಮಾವ, ಮೇಲಿನ ರೂಮಿಗೆ ಇನ್ವರ್ಟರ್ ಲೈನ್ ಹೋಗಿದೆ. ಅವ್ರು ಬೆಳಿಗ್ಗೆ ಕಾಯಿಲ್ ಹಾಕ್ತಾರೆ. ಅದಕ್ಕೇ ಓವರ್‌ಲೋಡ್."

"ಮೇಲಕ್ಕೆ ನಾನು ಲೈನ್ ಕೊಟ್ಟಿಲ್ಲ."

"ಕಣ್ಣಾರೆ ನೋಡ್ಕೊಂಡ್ ಬಂದೆ."

"ನಾನು ಕೊಟ್ಟಿಲ್ಲ ಅಂದ್ಮೇಲೆ ಕೊಟ್ಟಿಲ್ಲ." ಮುನಿರಾಜಪ್ಪ ತಟ್ಟೆ ಕೆಳಗಿಟ್ಟರು. "ಹಂಗಾದ್ರೆ ಅವ್ನೇ ಎಳ್ಕೊಂಡವ್ನೆ. ಟೈಲ್ಸ್ ಹಾಕೋನಿಗೆ ಗೋಡೆ ಕೊರೆಯೋದು ಎಷ್ಟ್ ಹೊತ್ತಿನ ಕೆಲಸ? ಕರೆಂಟ್ ಕದಿಯೋಕೆ ನನ್ನ ಮನೇನೇ ಸಿಕ್ತಾ ಅವ್ನಿಗೆ?"

ಕೆಲಸಕ್ಕೆ ಹೊರಟು ಮೆಟ್ಟಿಲಿಳಿಯುತ್ತಿದ್ದ ಪೀರಪ್ಪನಿಗೆ ಅದು ಕೇಳಿಸಿತು. ಅವನು ಬಾಗಿಲಿಗೆ ಬಂದ. "ಯಾರಿಗೆ ಅಂದ್ರಿ ಯಜಮಾನ್ರ?"

"ನಿನಗೇ ಅಂದಿದ್ದು. ನನ್ನ ಉಸಿರಿನ ಲೈನ್ ಕದ್ದು ಸ್ನಾನದ ನೀರು ಕಾಯಿಸ್ತೀರಾ?" ಇದ್ದಷ್ಟೂ ಉಸಿರು ಹಾಕಿ ಹೇಳಿದರು. ಎದುರುಮನೆಯ ಕಿಟಕಿ ತೆರೆದುಕೊಂಡಿತು.

"ಇಪ್ಪತ್ತ ವರ್ಷ ಆತ್ರಿ ದುಡಿಯಾಕ ಬಂದು," ಅಂದ ಪೀರಪ್ಪ. ದನಿ ಏರಿಸಲಿಲ್ಲ. "ಕಳ್ಳ ಅಂತ ಯಾರೂ ಅಂದಿಲ್ಲ. ನಾವು ಬಂದಾಗ ಇದ್ದ ಪ್ಲಗ್ಗಿಗೆ ನಾವು ಹಾಕೇವಿ."

"ಕಳ್ಳರಂದ ಮ್ಯಾಲ ಇಲ್ಲಿ ಯಾಕ ಇರ್ಬೇಕು?" ಮೇಲಿನಿಂದ ಮಾನಮ್ಮನ ದನಿ ಬಂತು. "ಇವತ್ತೇ ಬ್ಯಾರೆ ರೂಮ್ ನೋಡ್ರಿ ನೀವು."

"ಹೋದ್ರೆ ಹೋಗ್ಲಿ," ಅಂದಳು ದೊಡ್ಡಮುನಿಯಮ್ಮ. "ಮನುಷ್ಯನ ಜೀವಕ್ಕಿಂತ ಎಚ್ಚಾ ಬಿಸಿನೀರು?"

ಮೋನಿಷಾಳಿಗೆ ತಲೆ ಚಿಟ್ಟುಹಿಡಿಯಿತು. "ಅವ್ರು ಗೋಡೆ ಕೊರೆದಿದ್ರೆ ನಮ್ಗೆ ಸದ್ದು ಕೇಳಿಸ್ತಿರ್ಲಿಲ್ವಾ ಮಾವ? ನಾಲ್ಕು ತಿಂಗಳಿಂದ ಹಗಲೂ ರಾತ್ರಿ ಮನೇಲೇ ಇದ್ದೀರಲ್ಲ."

ಸಂಜೆ ಸಿಲಿಂಡರ್ ತುಂಬಿ ಬಂತು. ನರೇಶ ಕೆಲಸದ ನಡುವೆ ಹೇಳಿ ಬಂದು ತಂದಿಟ್ಟು ಹೋಗಿದ್ದ. ರಾತ್ರಿ ಊಟಕ್ಕೆ ಕೂತಾಗ ಮುನಿರಾಜಪ್ಪ ಒಂದೇ ಮಾತು ಹೇಳಿದರು. "ನಾಳೆ ನಾನು ಮೇಲೆ ಹೋಗ್ತೀನಿ. ಬೋರ್ಡ್ ಬಿಚ್ಚಿಸಿ, ಕದ್ದಿರೋದು ಎಲ್ಲರಿಗೂ ತೋರಿಸ್ತೀನಿ."

"ನೀವು ಮೆಟ್ಟಿಲು ಹತ್ತಿ ಎಂಟು ತಿಂಗಳಾಯ್ತು," ಅಂದಳು ಮೋನಿಷಾ.

"ಇಳಿಸೋಕೆ ನೀವೆಲ್ಲ ಇದ್ದೀರಲ್ಲ."

ಭಾನುವಾರ ಹನ್ನೊಂದಕ್ಕೆ ಹೊರಟರು. ಹದಿನೇಳು ಮೆಟ್ಟಿಲು. ಮುಂದೆ ಮುನಿರಾಜಪ್ಪ, ಒಂದು ಕೈ ಕಂಬಿಯ ಮೇಲೆ, ಒಂದು ಕೈ ಮೋನಿಷಾಳ ಭುಜದ ಮೇಲೆ. ಹಿಂದೆ ಬನಿಯನ್ನಿನಲ್ಲಿ ನರೇಶ. ಸಿಲಿಂಡರ್ ಹೊರುವವರು ಬೇಕಾಗಿತ್ತು. ಮೇಲಿನಿಂದ ನೋಡುತ್ತ ನಿಂತಿದ್ದ ಪೀರಪ್ಪ ಇಳಿದು ಬಂದು, ಯಾರೂ ಕೇಳದೆ, ಅದನ್ನು ಹೆಗಲಿಗೆ ಹಾಕಿಕೊಂಡ. ಕಳ್ಳ ಅನ್ನಿಸಿಕೊಂಡವನ ಹೆಗಲಿನ ಗಾಳಿ ಉಸಿರಾಡುತ್ತ ಮುನಿರಾಜಪ್ಪ ಹತ್ತಿದರು. ಐದನೆಯ ಮೆಟ್ಟಿಲಲ್ಲಿ ಕೂತರು. ಒಂಬತ್ತರಲ್ಲಿ ಕೂತರು. ಹದಿಮೂರರಲ್ಲಿ ಕೂತಾಗ ತುಟಿ ನೀಲಿಯಾಗಿತ್ತು.

"ಸಾಕು ಅಪ್ಪ, ಇಳೀರಿ," ಅಂದ ನರೇಶ.

ಮುನಿರಾಜಪ್ಪ ಕೈಸನ್ನೆಯಲ್ಲೇ ಬೇಡವೆಂದರು.

ಕೆಳಗೆ ಮೇನ್ ಆಫ್ ಮಾಡಿ, ಯುಪಿಎಸ್ಸನ್ನೂ ಆರಿಸಿ ಬಂದಿದ್ದ ಮೋನಿಷಾ ರೂಮಿನ ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿದಳು. ಬೋರ್ಡು ಮುಂದಕ್ಕೆ ಬಂತು. ಹಿಂದೆ ಧೂಳು, ಒಂದು ಸತ್ತ ಹಲ್ಲಿ, ವೈರುಗಳ ಗಂಟು. ಮುನಿರಾಜಪ್ಪ ಮಾನಮ್ಮ ಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಟಾರ್ಚು ಹಿಡಿದು ಬಗ್ಗಿದರು.

ಬೂದುಬಣ್ಣದ ವೈರೊಂದು ಬೇರೆಯವುಗಳಿಗಿಂತ ಪ್ರತ್ಯೇಕವಾಗಿ ಬಂದಿತ್ತು. ಜಾಯಿಂಟಿನ ಮೇಲೆ ಅಂಗಡಿಯ ಪ್ಲಾಸ್ಟಿಕ್ ಟೇಪಲ್ಲ. ಕಡುಗೆಂಪು ಬಟ್ಟೆಯ ಟೇಪು, ಒಂದರ ಮೇಲೊಂದು ಅರ್ಧರ್ಧ ಬರುವಂತೆ ಒಪ್ಪವಾಗಿ ಸುತ್ತಿದ್ದು. ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ರಟ್ಟಿನ ಚೀಟಿ. ಮೋನಿಷಾ ಅದನ್ನು ಒರೆಸಿದಳು. ಬಲಕ್ಕೆ ವಾಲಿದ ಅಕ್ಷರ. ರೇಷನ್ ಕಾರ್ಡಿನ ಕವರಿನ ಮೇಲೆ, ಗ್ಯಾಸ್ ಪುಸ್ತಕದ ಮೇಲೆ, ಮನೆಯಲ್ಲಿ ಎಲ್ಲೆಲ್ಲೂ ಇರುವ ಅಕ್ಷರ.

"ಇನ್ವರ್ಟರ್ ಲೈನ್. ಮೇಲಿನ ರೂಮು. ಮು.ರಾ. 14-4-2013."

ಮೋನಿಷಾ ತಾರೀಖನ್ನು ಇನ್ನೊಮ್ಮೆ ಓದಿದಳು. ಆಗ ಸುಜಾತಾ ಹುಟ್ಟಿ ಒಂದು ತಿಂಗಳು. ತಾನು, ನರೇಶ ಇದೇ ರೂಮಿನಲ್ಲಿದ್ದರು. ಏಪ್ರಿಲ್ ಸೆಕೆ, ಮೇಲೆ ಶೀಟಿನ ಕಾವು. ಇದೇ ಫ್ಯಾನಿನ ಕೆಳಗೆ ಕೂಸನ್ನು ಮಲಗಿಸಿಕೊಂಡು, ಕರೆಂಟು ಹೋದರೂ ಫ್ಯಾನು ನಿಲ್ಲುವುದಿಲ್ಲವಲ್ಲ ಎಂದು ತಾನು ನೆಮ್ಮದಿಯಾಗಿ ಮಲಗಿದ್ದಳು. ಅದು ಅವಳಿಗೂ ಪೂರ್ತಿ ಮರೆತುಹೋಗಿತ್ತು.

"ಏನೇ ಅದು?" ಕೆಳಗಿನಿಂದ ದೊಡ್ಡಮುನಿಯಮ್ಮ ಕೂಗಿದಳು.

"ಮಾವನ ಕೈಬರಹ ಅತ್ತೆ. ಎರಡು ಸಾವಿರದ ಹದಿಮೂರು, ಏಪ್ರಿಲ್ ಹದಿನಾಲ್ಕು."

ದೊಡ್ಡಮುನಿಯಮ್ಮ ಮೆಟ್ಟಿಲ ಬುಡಕ್ಕೆ ಬಂದಳು. "ಅಯ್ಯೋ, ಊಂ ಕಣೇ. ಜಯಂತಿ ದಿನ. ಬೀದಿಯೋರೆಲ್ಲ ಮೆರವಣಿಗೆಗೆ ಓದ್ರೆ ಇವ್ರು ಡ್ರಿಲ್ಲು ಇಡ್ಕಂಡು ಮೇಲೆ ಕುಂತಿದ್ರು. ಬಾಣಂತಿಗೆ ಗಾಳಿ ಬೇಕು ಅಂತ."

ಮುನಿರಾಜಪ್ಪ ಟಾರ್ಚು ಆರಿಸಿದರು. ಜಾಯಿಂಟನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದರು. "ಇನ್ನೂ ಬಿಗಿಯಾಗೇ ಇದೆ," ಅಂದರು, ತಮಗೇ ಎಂಬಂತೆ. ಆಮೇಲೆ ಪೀರಪ್ಪನ ಕಡೆ ತಿರುಗಿದರು.

"ನಾನೇ ಹಾಕಿದ್ದು ಕಣಪ್ಪ ಇದು. ನೆನಪೇ ಬರ್ಲಿಲ್ಲ. ನಿನ್ನನ್ನ ಕಳ್ಳ ಅಂದದ್ದು ತಪ್ಪಾಯ್ತು."

"ಆತು ಬಿಡ್ರಿ ಯಜಮಾನ್ರ," ಅಂದ ಪೀರಪ್ಪ ಸಿಲಿಂಡರನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸುತ್ತ.

ಮಾನಮ್ಮ ಬಿಡಲಿಲ್ಲ. "ನಿನ್ನಿ ಓಣಿಗೆಲ್ಲ ಕೇಳಂಗ ಅಂದ್ರಿ. ಇವತ್ತ ನಮ್ಮ ಮನ್ಯಾಗ ಕುಂತು ಸಣ್ಣಗ ತಪ್ಪಾತು ಅಂತೀರಿ."

"ಜೋರಾಗಿ ಹೇಳೋಕೆ ಉಸಿರಿಲ್ಲಮ್ಮ ಇವತ್ತು," ಅಂದರು ಮುನಿರಾಜಪ್ಪ. ಅದು ನೆಪವಾಗಿರಲಿಲ್ಲ, ಪಕ್ಕೆಗಳು ಏರಿಳಿಯುತ್ತಿದ್ದವು.

ಮೋನಿಷಾ ಮೆಟ್ಟಿಲ ತುದಿಗೆ ಹೋದಳು. "ಅತ್ತೆ, ಸ್ವಲ್ಪ ಬೀದಿಗೆ ಹೇಳಿಬಿಡಿ."

ದೊಡ್ಡಮುನಿಯಮ್ಮನಿಗೆ ಎರಡು ಸಲ ಹೇಳಬೇಕಾಗಲಿಲ್ಲ. ಎದುರುಮನೆಯ ಕಿಟಕಿಯ ಕಡೆ ಮುಖ ಮಾಡಿ, "ಕೇಳ್ತಾ ತಾಹೇರಾ, ಮೇಲಿನೋರು ಕದ್ದಿಲ್ಲವಂತೆ. ನಮ್ಮೆಜಮಾನ್ರೇ ಲೈನ್ ಹಾಕಿ, ಹನ್ನೆರಡು ವರ್ಷ ಆಯ್ತು, ಮರ್ತು ಕುಂತವ್ರೆ," ಅಂದಳು. ತಾಹೇರಾಗೆ ಕೇಳಿಸಿತು. ಅವಳ ಆಚೆಮನೆಗೂ ಕೇಳಿಸಿತು. ಮಾನಮ್ಮ ಸೆರಗು ಸರಿಮಾಡಿಕೊಂಡು, "ಚಾ ಮಾಡ್ತೀನ್ರಿ," ಅಂತ ಒಳಗೆ ಹೋದಳು.

"ಈಗ ಲೈನ್ ಕಟ್ ಮಾಡ್ಲಾ ಮಾವ?"

"ಪೂರ್ತಿ ಬೇಡ. ಪ್ಲಗ್ ಪಾಯಿಂಟ್ ಮಾತ್ರ ಬಿಚ್ಚಿ, ಆ ಕಪ್ಪು ವೈರಿದೆಯಲ್ಲ, ಮೇನ್ ಲೈನು, ಅದಕ್ಕೆ ಕೊಡು. ಲೈಟು ಫ್ಯಾನು ಹಂಗೇ ಇರ್ಲಿ. ಮಗು ಇದೆ."

ಮೋನಿಷಾ ಟೇಪು ಬಿಚ್ಚಿದಳು, ತಿರುಚಿದಳು, ಸುತ್ತಿದಳು. ಮುನಿರಾಜಪ್ಪ ನೋಡುತ್ತಿದ್ದರು. ಸ್ಕ್ರೂಡ್ರೈವರ್ ಹಿಡಿದ ರೀತಿಗೆ ಏನೂ ಅನ್ನಲಿಲ್ಲ. ಕೆಲಸ ಮುಗಿದರೂ ಅವರು ಏಳುವ ಹಾಗೆ ಕಾಣಲಿಲ್ಲ. ಬೋರ್ಡು ಮುಚ್ಚಲು ಹೊರಟವಳನ್ನು ತಡೆದರು.

"ಪೆನ್ನು, ಪುಸ್ತಕ ತಗೊಂಬಾ."

"ಯಾಕೆ?"

"ಈ ಮನೇಲಿ ಯಾವ ಲೈನ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಬರ್ಕೋ. ಒಂದೊಂದೇ ಹೇಳ್ತೀನಿ. ಇನ್ನೂ ಎಷ್ಟು ಮರ್ತಿದೀನೋ."

ಮೋನಿಷಾಳ ಬಾಯಲ್ಲಿ ಮೂರು ವಾರದ ಮಾತಿತ್ತು. ಶೌಕತ್‌ನ ಹೆಸರಿತ್ತು, ಉಮ್ಮೆ ಕುಲ್ಸುಂಳ ರಜೆ ಪುಸ್ತಕವಿತ್ತು. ಅದನ್ನೆಲ್ಲ ನುಂಗಿಕೊಂಡು ಕೆಳಗಿಳಿದು, ಸುಜಾತಾಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ಹರಿದು ತಂದಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನರೇಶ ಗೋಡೆಗೊರಗಿ ಆಕಳಿಸಿದ. ಚಾ ಬಂತು.

"ಮೀಟರ್ ಬೋರ್ಡಿಂದ ಹಾಲಿಗೆ, ಬಾಗಿಲ ಮೇಲಿಂದ. ಬರ್ಕೊಂಡ್ಯಾ? ಹಾಲಿಂದ ಅಡುಗೆಮನೆಗೆ, ನೆಲದಿಂದ ನಾಲ್ಕಡಿ ಎತ್ತರದಲ್ಲಿ. ಅಲ್ಲಿ ಮೊಳೆ ಹೊಡೀಬೇಡಿ. ಬಚ್ಚಲುಮನೆ ಗೀಸರ್‌ದು ಬೇರೆ, ಸೀದಾ ಮೀಟರಿಂದ."

"ನಿಧಾನ ಮಾವ."

ನಿಧಾನವಾಗಿಯೇ ಹೇಳುತ್ತಿದ್ದರು, ಉಸಿರಿಗೊಂದು ಮಾತು. ಒಂದೂವರೆ ಹಾಳೆ ತುಂಬಿತು. ಆಮೇಲೆ ಬೋರ್ಡಿನ ಒಳಗೆ ಇನ್ನೂ ಉಳಿದಿದ್ದ ಹಳದಿ ವೈರೊಂದರ ಮೇಲೆ ಮೋನಿಷಾ ಬೆರಳಿಟ್ಟಳು. ಅದು ಗೋಡೆಯೊಳಗೆ ಕೆಳಮುಖವಾಗಿ ಇಳಿದಿತ್ತು.

"ಇದು ಎಲ್ಲಿಗೆ?"

ಮುನಿರಾಜಪ್ಪ ಟಾರ್ಚು ಹಾಕಿ ನೋಡಿದರು. ಬಗ್ಗಿ ನೋಡಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ಕೆಳಗೆ ದೊಡ್ಡಮುನಿಯಮ್ಮ ಮುದ್ದೆ ಆರುತ್ತೆ ಎಂದು ಎರಡನೆಯ ಸಲ ಕೂಗಿದಳು.

"ಗೊತ್ತಿಲ್ಲಮ್ಮ," ಅಂದರು. "ಗೊತ್ತಿಲ್ಲ ಅಂತ ಬರಿ."

ಮೋನಿಷಾ ಬರೆದಳು. ಕೆಳಗೆ ಇನ್ನೂ ಏಳು ಬೋರ್ಡುಗಳಿದ್ದವು.